ಆಟದ ಹಿತದೃಷ್ಟಿಯಿಂದ

ನಮ್ಮ ಮನೆಯ ಟ್ರಂಕಿನಲ್ಲಿ, ಅರ್ಧಕ್ಕೆ ನಿಂತ ಕತೆಗಳ ಕರಡು, ಕರೆಂಟ್ ಬಿಲ್ಲು, ಮಕ್ಕಳ ಲಸಿಕೆ ಕಾರ್ಡುಗಳ ನಡುವೆ ನೂರು ಪುಟದ ಒಂದು ನೋಟ್‌ಬುಕ್ ಇದೆ. ನಮ್ಮ ಆನೇಕಲ್ಲಿನ ಟೆನಿಸ್ ಬಾಲ್ ಕ್ರಿಕೆಟ್ ಪಂದ್ಯಾವಳಿಯೊಂದರ ನಡಾವಳಿ ಪುಸ್ತಕ ಅದು. ಮೊನ್ನೆ ಹುಡುಗರು ಬಂದು, ‘ಈ ಸಲದ ರೂಲ್ಸ್ ನೀವೇ ಬರೆದುಕೊಡಿ ಸಾರ್, ನಿಮ್ಮ ಕನ್ನಡ ಚೆನ್ನಾಗಿದೆ’ ಎಂದಾಗ ಹುಡುಕಿ ತೆಗೆದೆವು. ಹದಿನೇಳನೇ ಪುಟದಲ್ಲಿ ನಮ್ಮದೇ ಅಕ್ಷರದಲ್ಲಿ ಹೀಗಿದೆ: ‘ಸದರಿ ಆಟಗಾರನ ವರ್ಗಾವಣೆಯನ್ನು ಆಟದ ಹಿತದೃಷ್ಟಿಯಿಂದ ಸಮಿತಿಯು ಸರ್ವಾನುಮತದಿಂದ ತಿರಸ್ಕರಿಸಿದೆ.’ ಕೆಳಗೆ ಐದು ಸಹಿ. ಐದನೆಯದು ನಮ್ಮದು.

ಅಕ್ಷರ ಚೆನ್ನಾಗಿದೆ. ಅದೊಂದನ್ನು ಒಪ್ಪಬೇಕು.

ಚಿಕ್ಕಂದಿನಲ್ಲಿ ಉರ್ದು ಶಾಲೆಯಲ್ಲಿ ಓದಿದವರಿಗೆ ‘ಹಮ್’ ಎನ್ನುವ ಚಾಳಿ ಸುಲಭಕ್ಕೆ ಬಿಡುವುದಿಲ್ಲ. ಆಮೇಲೆ ಕನ್ನಡ ಶಾಲೆಗೆ ಸೇರಿದಾಗ, ಒಬ್ಬನೇ ನಿಂತುಕೊಂಡು ‘ನಾವು ಹೋಂವರ್ಕ್ ಮಾಡಿಲ್ಲ ಸಾರ್’ ಎಂದು ಇಡೀ ತರಗತಿಯನ್ನು ನಗಿಸಿದ್ದೆವು. ‘ನಾವು ಅಂದ್ರೆ ಯಾರ್ಯಾರೋ?’ ಎಂದು ಮೇಷ್ಟ್ರು ಕೇಳಿದ್ದರು. ಇಷ್ಟು ವರ್ಷವಾದ ಮೇಲೂ ಆ ಪ್ರಶ್ನೆಗೆ ನಮ್ಮಲ್ಲಿ ನೇರವಾದ ಉತ್ತರವಿಲ್ಲ. ಹದಿನೇಳನೇ ಪುಟದಲ್ಲಿ ‘ಸಮಿತಿ’ ಎಂದು ಬರೆದಾಗಲೂ ನಾವು ಆ ಮರೆಯಲ್ಲೇ ನಿಂತಿದ್ದೆವೇನೋ.

ಸಂಗತಿ 2018ರ ಬೇಸಿಗೆಯದು. ಎಂಟು ತಂಡ, ಪ್ರತಿ ತಂಡಕ್ಕೊಬ್ಬ ಮಾಲೀಕ. ಈಗ ಹಳ್ಳಿಹಳ್ಳಿಯಲ್ಲೂ ಇರುವ ಹಾಗೆ ಆಟಗಾರರ ಹರಾಜು; ದುಡ್ಡಿನಲ್ಲಲ್ಲ, ಪಾಯಿಂಟಿನಲ್ಲಿ. ಮಾಲೀಕನಿಗೆ ಇಷ್ಟು ಪಾಯಿಂಟ್ ಎಂದು ಕೊಟ್ಟುಬಿಡುತ್ತಾರೆ, ಅದರೊಳಗೆ ತಂಡ ಕಟ್ಟಬೇಕು. ಕಲ್ಯಾಣ ಮಂಟಪದ ಊಟದ ಹಾಲಿನಲ್ಲಿ ಹರಾಜು ನಡೆದಾಗ ಜಿಗಣಿಯ ಗ್ರಾನೈಟ್ ಶೆಡ್ಡಿನಲ್ಲಿ ಪಾಲಿಷ್ ಕೆಲಸ ಮಾಡುವ ಹುಡುಗನೊಬ್ಬ ಅತಿ ಕಡಿಮೆ ಪಾಯಿಂಟಿಗೆ ನಮ್ಮ ಬೀದಿಯ ಬಟ್ಟೆ ಅಂಗಡಿಯವರ ತಂಡಕ್ಕೆ ಹೋದ. ಹತ್ತೊಂಬತ್ತು ವರ್ಷ. ಎಡಗೈ ವೇಗ. ಹರಾಜಿನ ದಿನವೂ ಕೂದಲಲ್ಲಿ ಬಿಳಿ ಧೂಳು ಹಾಗೇ ಇತ್ತು. ಮೊದಲ ಮೂರು ಪಂದ್ಯದಲ್ಲಿ ಅವನು ಹಾಕಿದ ಯಾರ್ಕರುಗಳನ್ನು ನೋಡಲು ಕೆರೆಯಂಗಳದ ದಂಡೆಯ ಮೇಲೆ ಬೈಕುಗಳ ಸಾಲೇ ನಿಂತಿತು.

ಚಂದಾಪುರದ ಕಡೆಯ ತಂಡದ ಮಾಲೀಕನಿಗೆ ಎಲೆಕ್ಟ್ರಾನಿಕ್ ಸಿಟಿಯ ಕಂಪೆನಿಗಳಿಗೆ ವ್ಯಾನು ಓಡಿಸುವ ವ್ಯವಹಾರ. ಆತ ಬಟ್ಟೆ ಅಂಗಡಿಯವರ ಹತ್ತಿರ ಬಂದು, ‘ಈ ಹುಡುಗನ್ನ ನಮಗೆ ಬಿಡಿ, ಬದಲಿಗೆ ಇಬ್ಬರು ಬ್ಯಾಟ್ಸ್‌ಮನ್ ಕೊಡ್ತೀವಿ’ ಎಂದ. ಅಂಗಡಿಯವರಿಗೆ ಬ್ಯಾಟ್ಸ್‌ಮನ್‌ಗಳೇ ಬೇಕಾಗಿತ್ತು, ಒಪ್ಪಿದರು. ಹುಡುಗನಂತೂ ಕುಣಿದಾಡಿದ. ಅವನ ಸಂತೋಷಕ್ಕೆ ಬೇರೆ ಕಾರಣವಿತ್ತು. ‘ಬಂದರೆ ವ್ಯಾನಿಗೆ ಹಾಕ್ಕೋತೀನಿ, ಡ್ರೈವಿಂಗ್ ಕಲಿ, ಲೈಸೆನ್ಸ್ ಮಾಡಿಸ್ಕೊಡ್ತೀನಿ’ ಎಂದು ಆತ ಮಾತು ಕೊಟ್ಟಿದ್ದ. ಹುಡುಗನ ಅಬ್ಬಾ ಅದೇ ಶೆಡ್ಡುಗಳಲ್ಲಿ ಇಪ್ಪತ್ತು ವರ್ಷ ಕಲ್ಲು ಕೊಯ್ದವರು. ಆಗಲೇ ಮೆಟ್ಟಿಲು ಹತ್ತಿದರೆ ಕೂತುಕೊಳ್ಳಬೇಕಾದ ಸ್ಥಿತಿಗೆ ಬಂದಿದ್ದರು. ಮಗನನ್ನು ಧೂಳಿನಿಂದ ಎಳೆದು ಹಾಕಿದರೆ ಸಾಕು ಎನ್ನುವ ಮನೆ ಅದು.

ಎರಡು ತಂಡಕ್ಕೂ ಒಪ್ಪಿಗೆ, ಆಟಗಾರನಿಗೂ ಒಪ್ಪಿಗೆ. ಸಮಿತಿ ಬೇಡವೆಂದಿತು.

ನಿಯಮಪಟ್ಟಿಯಲ್ಲಿ ವರ್ಗಾವಣೆ ಕೂಡದು ಎಂದು ಎಲ್ಲೂ ಇರಲಿಲ್ಲ. ಕೂಡುತ್ತದೆ ಎಂದೂ ಇರಲಿಲ್ಲ. ಆ ವರ್ಷ ಐಪಿಎಲ್ಲಿನಲ್ಲಿ ಮೊದಲ ಸಲ ಸೀಸನ್ನಿನ ನಡುವೆಯೇ ಆಟಗಾರರ ವರ್ಗಾವಣೆಗೆ ಅವಕಾಶ ಕೊಟ್ಟಿದ್ದರು. ಎರಡಕ್ಕಿಂತ ಹೆಚ್ಚು ಪಂದ್ಯ ಆಡಿರಬಾರದು ಎಂಬ ಷರತ್ತು ಬೇರೆ. ನಮ್ಮ ಸಮಿತಿಯ ಹಿರಿಯರೊಬ್ಬರು ಇದನ್ನು ಎಲ್ಲಿಂದಲೋ ಹಿಡಿದು ತಂದು, ‘ಇವನು ಮೂರು ಆಡಿಬಿಟ್ಟವ್ನೆ, ಆಯ್ತಲ್ಲ’ ಎಂದರು. ನಮ್ಮ ಪಂದ್ಯಾವಳಿಗೂ ಮುಂಬೈಯವರ ನಿಯಮಕ್ಕೂ ಏನು ಸಂಬಂಧವೆಂದು ಯಾರೂ ಕೇಳಲಿಲ್ಲ. ಐವರಲ್ಲಿ ಇಬ್ಬರು ಬೇರೆ ತಂಡಗಳ ಮಾಲೀಕರು, ಅವರ ತಂಡಗಳು ಚಂದಾಪುರದವರ ಎದುರು ಇನ್ನೂ ಆಡಬೇಕಿತ್ತು ಎಂಬುದನ್ನೂ ಯಾರೂ ಎತ್ತಲಿಲ್ಲ. ನಾವು ಯಾಕೆ ಎತ್ತಲಿಲ್ಲ? ಅವರಲ್ಲೊಬ್ಬರು ಹಿಂದಿನ ವರ್ಷ ನಮ್ಮ ಕಥಾಸಂಕಲನದ ಐವತ್ತು ಪ್ರತಿ ಕೊಂಡಿದ್ದರು. ಓದಲಿಕ್ಕಲ್ಲ, ಮದುವೆಗೆ ಬಂದವರಿಗೆ ಹಂಚಲಿಕ್ಕೆ. ಆದರೂ ಐವತ್ತು ಪ್ರತಿ ಐವತ್ತೇ.

ಮಾರನೆಯ ದಿನ ಹುಡುಗ ನಮ್ಮ ಮನೆ ಬಾಗಿಲಿಗೆ ಬಂದ. ಜಗಳವಿಲ್ಲ, ಕೂಗಾಟವಿಲ್ಲ. ‘ಮೇರೆಕು ಪೂಛೆ ಕ್ಯಾ ಮಾಮು?’ ಎಂದ. ನನ್ನನ್ನು ಕೇಳಿದ್ರಾ ಮಾಮು, ಅಷ್ಟೆ. ‘ಆಟದ ಸಮತೋಲನ ನೋಡ್ಬೇಕಲ್ಲ ಬೇಟಾ’ ಎಂದೆವು. ಚಪ್ಪಲಿ ಮೆಟ್ಟಿಕೊಂಡು ಹೋದ.

ತಮಾಷೆಯೆಂದರೆ ಅದಕ್ಕೂ ಎಂಟು ವರ್ಷ ಹಿಂದೆ ಇದೇ ವಿಚಾರಕ್ಕೆ ಚಹಾದ ಹೋಟೆಲಿನಲ್ಲಿ ನಾವು ಮೇಜು ಗುದ್ದಿ ಮಾತಾಡಿದ್ದೆವು. 2010ರಲ್ಲಿ ರವೀಂದ್ರ ಜಡೇಜನನ್ನು ಐಪಿಎಲ್ಲಿನಿಂದ ಇಡೀ ಒಂದು ಸೀಸನ್ ಹೊರಗೆ ಹಾಕಿದರು. 2008ರಲ್ಲಿ ಹತ್ತೊಂಬತ್ತರೊಳಗಿನ ಹುಡುಗರ ಪಟ್ಟಿಯಿಂದ ನಿಗದಿತ ಸಂಬಳಕ್ಕೆ ರಾಜಸ್ಥಾನ್ ರಾಯಲ್ಸ್ ಸೇರಿದವನು. ಅಂದರೆ ದೊಡ್ಡವರ ಹಾಗೆ ಹರಾಜಿನಲ್ಲಿ ನಿಂತು ತನ್ನ ಬೆಲೆ ಏನೆಂದು ತಿಳಿಯುವ ಅವಕಾಶವೇ ಅವನಿಗೆ ಸಿಕ್ಕಿರಲಿಲ್ಲ. ರಾಯಲ್ಸ್ ಜೊತೆಗಿನ ಒಪ್ಪಂದವನ್ನು ಮುಂದುವರಿಸದೆ ಬೇರೆ ತಂಡದ ಜೊತೆ ಮಾತಿಗಿಳಿದ ಎಂಬುದು ಆಪಾದನೆ. ವಯಸ್ಸು ಇಪ್ಪತ್ತೊಂದು. ನಿಯಮ ಮುರಿದದ್ದು ನಿಜವೇ ಇರಬಹುದು, ಆದರೆ ಆ ನಿಯಮ ಬರೆಯುವಾಗ ಅವನಂಥವರನ್ನು ಕೂರಿಸಿ ಕೇಳಿದವರು ಯಾರು ಎಂದು ನಾವು ಅಂದು ಭಾಷಣ ಬಿಗಿದಿದ್ದೆವು. ಮಾರನೇ ವರ್ಷ ಹರಾಜು ತೆರೆದಾಗ ಕೊಚ್ಚಿ ತಂಡ ಅವನನ್ನು ಒಂಬತ್ತೂವರೆ ಲಕ್ಷ ಡಾಲರಿಗೆ ಕೊಂಡಿತು.

ಇನ್ನೊಂದು ಸಂಗತಿಯನ್ನೂ ಆಗ ಹೇಳಿ ಹೇಳಿ ಸಾಕಾಗಿತ್ತು. ಜಡೇಜನಿಗೆ ಶಿಕ್ಷೆಯಾದ ಕಾಲದಲ್ಲಿ ಕ್ರಿಕೆಟ್ ಮಂಡಳಿಯ ಕಾರ್ಯದರ್ಶಿಯಾಗಿದ್ದ ಎನ್. ಶ್ರೀನಿವಾಸನ್ ಅವರ ಕಂಪೆನಿಯೇ ಚೆನ್ನೈ ತಂಡದ ಒಡೆಯ. ಮಂಡಳಿಯ ಪದಾಧಿಕಾರಿಗಳಿಗೆ ಇಂಥ ವ್ಯಾಪಾರದ ಹಿತಾಸಕ್ತಿ ಇರಬಾರದು ಎಂಬ ನಿಯಮಕ್ಕೆ 2008ರಲ್ಲಿ ತಿದ್ದುಪಡಿ ತಂದು ಐಪಿಎಲ್ಲಿಗೆ ವಿನಾಯಿತಿ ಕೊಟ್ಟುಕೊಂಡಿದ್ದರು. ಆ ತಿದ್ದುಪಡಿ ಸಲ್ಲದು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2015ರ ಜನವರಿಯಲ್ಲಿ. ಆಡುವವರೂ ಅವರೇ, ತೀರ್ಪು ಕೊಡುವವರೂ ಅವರೇ ಎಂದು ನಕ್ಕ ನಾವು ಮೂರೇ ವರ್ಷದಲ್ಲಿ ಅಂಥದ್ದೇ ಒಂದು ಮೇಜಿನ ಸುತ್ತ ಕೂತು ಬೋಂಡಾ ತಿಂದೆವು.

ನಮ್ಮ ಬೆಂಗಳೂರಿನದೇ ಕತೆ ಹೇಳಬೇಕೆಂದರೆ ಮನೀಷ್ ಪಾಂಡೆಯದು. 2009ರ ಮೇ ತಿಂಗಳಲ್ಲಿ ದಕ್ಷಿಣ ಆಫ್ರಿಕಾದ ಸೆಂಚುರಿಯನ್‌ನಲ್ಲಿ ಡೆಕ್ಕನ್ ಚಾರ್ಜರ್ಸ್ ಮೇಲೆ ಔಟಾಗದೆ 114 ಹೊಡೆದು, ಐಪಿಎಲ್ಲಿನಲ್ಲಿ ಶತಕ ಬಾರಿಸಿದ ಮೊದಲ ಭಾರತೀಯನಾದ ಹುಡುಗ. ಆ ರಾತ್ರಿ ನಮ್ಮ ಬೀದಿಯಲ್ಲಿ ಪಟಾಕಿ ಹೊಡೆದದ್ದು ನೆನಪಿದೆ. (ಅತ್ತಿಬೆಲೆ ಪಕ್ಕದಲ್ಲೇ ಇರುವಾಗ ಪಟಾಕಿಗೇನು ಕೊರತೆ ಎನ್ನುತ್ತಿದ್ದೆವು. 2023ರ ಅಕ್ಟೋಬರಿನಲ್ಲಿ ಅಲ್ಲಿಯ ಗೋದಾಮಿನಲ್ಲಿ ಅಷ್ಟು ಹುಡುಗರು ಸುಟ್ಟುಹೋದ ಮೇಲೆ ಆ ಮಾತು ಬಾಯಿಗೆ ಬರುವುದಿಲ್ಲ.) 2011ರಲ್ಲಿ ಭಾರತ ತಂಡಕ್ಕೆ ಆಡಿದವರಿಗೆ ಹರಾಜು, ಆಡದವರಿಗೆ ರಣಜಿ ಅನುಭವ ನೋಡಿ ಹತ್ತು, ಇಪ್ಪತ್ತು, ಮೂವತ್ತು ಲಕ್ಷದ ನಿಗದಿ. ಪಾಂಡೆ ಎರಡನೇ ಗುಂಪು. ಬೆಂಗಳೂರು ಬಿಟ್ಟು ಪುಣೆ ಸೇರುವ ಹೊತ್ತಿಗೆ, ಆಟಗಾರರ ನೇಮಕದ ನಿಯಮ ಮೀರಿದ ಆಪಾದನೆಯ ಮೇಲೆ ನಾಲ್ಕು ಪಂದ್ಯ ನಿಷೇಧ ಹೇರಿದರು. ಅದೇ ವರ್ಷ ಅದೇ ಪುಣೆ ತಂಡಕ್ಕೆ ನಮ್ಮವರೇ ಆದ ರಾಬಿನ್ ಉತ್ತಪ್ಪ ಇಪ್ಪತ್ತೊಂದು ಲಕ್ಷ ಡಾಲರಿಗೆ ಹೋಗಿದ್ದರು. ಉತ್ತಪ್ಪ ದೊಡ್ಡ ಆಟಗಾರ, ಎರಡು ಮಾತಿಲ್ಲ. ಆದರೆ ಒಂದೇ ರಾಜ್ಯ ತಂಡದ ಒಂದೇ ಡ್ರೆಸ್ಸಿಂಗ್ ರೂಮಿನ ಇಬ್ಬರಲ್ಲಿ ಒಬ್ಬನಿಗೆ ಮಾರುಕಟ್ಟೆ, ಇನ್ನೊಬ್ಬನಿಗೆ ರೇಷನ್ ಕಾರ್ಡು. 2018ರ ಹರಾಜಿನಲ್ಲಿ ಪಾಂಡೆಗೆ ಹನ್ನೊಂದು ಕೋಟಿ ಬಂತು. ಆ ಮೊತ್ತ ಸರಿಯೋ ತಪ್ಪೋ ಅದು ಬೇರೆ ವಿಚಾರ.

ವರ್ಗಾವಣೆಯೆಂದರೆ ಹೀಗೆ ಯಾವಾಗಲೂ ರಂಪವೇ ಎಂದಲ್ಲ. 2009ರ ಸೀಸನ್ನಿಗೆ ಮುಂಚೆ ಉತ್ತಪ್ಪ ಮುಂಬೈಯಿಂದ ಬೆಂಗಳೂರಿಗೆ ಬಂದರು, ಜಹೀರ್ ಖಾನ್ ಬೆಂಗಳೂರಿನಿಂದ ಮುಂಬೈಗೆ ಹೋದರು. ಆಕಾಶ ಕಳಚಿ ಬೀಳಲಿಲ್ಲ. ಜಹೀರ್ ಹೆಸರು ಬಂದಾಗ ನಮಗೆ ಬೌಲಿಂಗಿಗಿಂತ ಒಂದು ಕೇಸು ಹೆಚ್ಚು ನೆನಪಾಗುತ್ತದೆ. ಅವರ ಜಾಹೀರಾತು ವ್ಯವಹಾರ ನೋಡಿಕೊಳ್ಳುತ್ತಿದ್ದ ಪರ್ಸೆಪ್ಟ್ ಡಿ’ಮಾರ್ಕ್ ಎಂಬ ಕಂಪೆನಿಯೊಡನೆ 2000ದಲ್ಲಿ ಮೂರು ವರ್ಷದ ಕರಾರಾಗಿತ್ತು. ಕರಾರು ಮುಗಿದ ಮೇಲೂ, ಬೇರೆಯವರು ಏನು ಕೊಡುತ್ತಾರೋ ಅದನ್ನು ಮೊದಲು ನಮಗೆ ತಿಳಿಸಬೇಕು, ಅಷ್ಟೇ ನಾವು ಕೊಟ್ಟರೆ ನಮ್ಮಲ್ಲೇ ಇರಬೇಕು ಎಂದು ಕಂಪೆನಿ ಹಿಡಿಯಿತು. 2006ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಒಪ್ಪಲಿಲ್ಲ. 1872ರ ಕರಾರು ಕಾಯಿದೆಯ 27ನೇ ಕಲಮಿನ ಪ್ರಕಾರ, ಕರಾರು ಮುಗಿದ ಮೇಲೂ ಒಬ್ಬನ ಕಸುಬಿಗೆ ಬೇಲಿ ಹಾಕುವ ಒಪ್ಪಂದ ಅಷ್ಟರ ಮಟ್ಟಿಗೆ ಅಸಿಂಧು. ಬ್ರಿಟಿಷರ ಕಾಲದ ಆ ಒಂದು ಕಲಮು ಇಂದಿಗೂ ಊರ್ಜಿತ.

ಈ ಕಲಮನ್ನು ನಮಗೆ ಕಲಿಸಿದ್ದು ಕ್ರಿಕೆಟ್ಟಲ್ಲ, ಬೊಮ್ಮಸಂದ್ರ. ನಮ್ಮ ತಮ್ಮ ಡಿಪ್ಲೊಮಾ ಮುಗಿಸಿ ಅಲ್ಲಿಯ ಒಂದು ಕಾರ್ಖಾನೆಗೆ ಸೇರಿದ್ದ. ಎದುರು ರಸ್ತೆಯ ಇನ್ನೊಂದು ಕಾರ್ಖಾನೆಯವರು ಮೂರು ಸಾವಿರ ಹೆಚ್ಚಿಗೆ ಕೊಡುತ್ತೇವೆಂದರು. ಇವನು ರಾಜೀನಾಮೆ ಕೊಟ್ಟರೆ ರಿಲೀವಿಂಗ್ ಲೆಟರ್ ಕೊಡಲಿಲ್ಲ. ಅದಿಲ್ಲದೆ ಅವರು ತೆಗೆದುಕೊಳ್ಳಲಿಲ್ಲ. ‘ನಿಮ್ಮವರನ್ನು ನಾವು ಎಳೆಯೋದಿಲ್ಲ, ನಮ್ಮವರನ್ನು ನೀವು ಎಳೀಬೇಡಿ’ ಎಂದು ಎರಡೂ ಕಡೆಯ ಸಾಹೇಬರು ಚಹಾ ಕುಡಿಯುತ್ತಾ ಮಾತಾಡಿಕೊಂಡಿದ್ದರಂತೆ. ವಕೀಲರನ್ನು ಕಂಡಾಗ 27ನೇ ಕಲಮು ತೋರಿಸಿ, ‘ಕೇಸು ಗೆಲ್ತೀರಿ, ಆದ್ರೆ ಅಷ್ಟೊತ್ತಿಗೆ ನಿಮ್ಮ ತಮ್ಮನಿಗೆ ಮಕ್ಕಳಾಗಿರ್ತವೆ’ ಎಂದರು. ತಮ್ಮ ಏಳು ತಿಂಗಳು ಮನೆಯಲ್ಲಿ ಕೂತ. ಅಮ್ಮಿ ದಿನವೂ ಅವನ ತಟ್ಟೆಗೆ ಒಂದು ರೊಟ್ಟಿ ಹೆಚ್ಚಿಗೆ ಹಾಕುತ್ತಿದ್ದರು, ಅವನು ದಿನವೂ ಅದನ್ನು ಬಿಟ್ಟು ಏಳುತ್ತಿದ್ದ.

ಇಷ್ಟೆಲ್ಲ ಹೇಳಿ, ಸಮಿತಿಗಳಿಗೆ ತಡೆಯುವ ಹಕ್ಕೇ ಇಲ್ಲ ಎಂದರೆ ಅದು ಸುಳ್ಳಾಗುತ್ತದೆ. ಲೀಗಿಗೂ ಕಾರ್ಖಾನೆಗೂ ವ್ಯತ್ಯಾಸವಿದೆ. ಎದುರು ರಸ್ತೆಯ ಕಾರ್ಖಾನೆ ಮುಚ್ಚಿದರೆ ಈ ಕಾರ್ಖಾನೆಗೆ ಲಾಭ. ಎದುರಾಳಿ ತಂಡ ಮುಚ್ಚಿದರೆ ಆಡುವುದು ಯಾರ ಜೊತೆ? ದುಡ್ಡಿದ್ದ ಒಬ್ಬನೇ ಎಲ್ಲ ಒಳ್ಳೆಯ ಬೌಲರುಗಳನ್ನೂ ಬಾಚಿಕೊಂಡರೆ ಮಿಕ್ಕವರು ಬಂದು ಸೋತು ಹೋಗುವುದೊಂದೇ ಕೆಲಸ, ನೋಡುವವರಿಗೂ ಬೇಸರ. ಹರಾಜಿಗೆ ಪಾಯಿಂಟಿನ ಮಿತಿ, ಸಂಬಳಕ್ಕೆ ಮಿತಿ ಇಡುವುದು ಇದಕ್ಕೇ. ಸೋಲಲೆಂದೇ ಆಟಗಾರನನ್ನು ಕೊಟ್ಟುಬಿಡುವ ಒಳಸಂಚೂ ನಡೆಯುತ್ತದೆ. ಅದನ್ನು ತಡೆಯದ ಸಮಿತಿ ಇದ್ದೇನು ಪ್ರಯೋಜನ?

ಆದರೆ ಹಾಗೆ ತಡೆದು ನಿಜಕ್ಕೂ ಉಳಿಸಿದ್ದೇನು ಎಂದು ನೋಡಿದರೆ ಗೊಂದಲವಾಗುತ್ತದೆ. ಅಮೆರಿಕದ ಬೇಸ್‌ಬಾಲಿನಲ್ಲಿ 1976ರ ಜೂನ್ ತಿಂಗಳಲ್ಲಿ ಓಕ್ಲೆಂಡ್ ತಂಡದ ಮಾಲೀಕ ಚಾರ್ಲಿ ಫಿನ್ಲಿ ತನ್ನ ಮೂವರು ದೊಡ್ಡ ಆಟಗಾರರನ್ನು ಒಟ್ಟು ಮೂವತ್ತೈದು ಲಕ್ಷ ಡಾಲರಿಗೆ ಮಾರಿದ: ವಿಡಾ ಬ್ಲೂ ಎಂಬವನನ್ನು ನ್ಯೂಯಾರ್ಕಿಗೆ, ರೋಲಿ ಫಿಂಗರ್ಸ್ ಮತ್ತು ಜೋ ರೂಡಿಯನ್ನು ಬಾಸ್ಟನ್ನಿಗೆ. ಲೀಗಿನ ಮುಖ್ಯಸ್ಥ ಬೋವಿ ಕೂನ್ ಮೂರೇ ದಿನದಲ್ಲಿ ಮಾರಾಟ ರದ್ದು ಮಾಡಿದ. ಕೊಟ್ಟ ಕಾರಣ, ಬೇಸ್‌ಬಾಲಿನ ಹಿತ. ಇದನ್ನು ಮೊದಲ ಸಲ ಓದಿದಾಗ ನಾವು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಕೂತೆವು; ಹದಿನೇಳನೇ ಪುಟದ ಕನ್ನಡಕ್ಕೆ ಇಷ್ಟು ಹಳೆಯ ಅಣ್ಣನಿದ್ದಾನೆಂದು ಗೊತ್ತಿರಲಿಲ್ಲ. ಫಿನ್ಲಿ ಕೋರ್ಟಿಗೆ ಹೋಗಿ ಸೋತ. 1978ರಲ್ಲಿ ಮೇಲ್ಮನವಿಯಲ್ಲೂ ಸೋತ. ಆದರೆ ಆ ಸೀಸನ್ ಮುಗಿದದ್ದೇ ಫಿಂಗರ್ಸ್, ರೂಡಿ ಇಬ್ಬರೂ ಕರಾರು ತೀರಿದವರಾಗಿ ಬೇರೆ ತಂಡಗಳಿಗೆ ಹೊರಟುಹೋದರು. ಫಿನ್ಲಿಗೆ ಬಿಡಿಗಾಸು ಬರಲಿಲ್ಲ. 1972ರಿಂದ ಸತತ ಮೂರು ಬಾರಿ ವಿಶ್ವ ಸರಣಿ ಗೆದ್ದ ಓಕ್ಲೆಂಡ್ 1977ರಲ್ಲಿ 98 ಪಂದ್ಯ ಸೋತು ತನ್ನ ವಿಭಾಗದ ತಳಕ್ಕೆ ಬಿತ್ತು. ಸಮತೋಲನ ಕಾಪಾಡಿದ ಪರಿ ಇದು.

2011ರ ಡಿಸೆಂಬರಿನ ಇನ್ನೊಂದು ಪ್ರಸಂಗ ನಮ್ಮ ಕೆರೆಯಂಗಳಕ್ಕೆ ಇನ್ನೂ ಹತ್ತಿರ. ಬಾಸ್ಕೆಟ್‌ಬಾಲಿನ ಎನ್‌ಬಿಎ ಲೀಗಿನಲ್ಲಿ ಕ್ರಿಸ್ ಪಾಲ್ ಎಂಬ ಆಟಗಾರನನ್ನು ನ್ಯೂ ಆರ್ಲಿಯನ್ಸ್ ತಂಡ ಲಾಸ್ ಏಂಜಲಿಸಿನ ಲೇಕರ್ಸ್ ತಂಡಕ್ಕೆ ಬಿಟ್ಟುಕೊಡಲು ಒಪ್ಪಿತ್ತು. ಮೂರು ತಂಡಗಳ ಒಪ್ಪಂದ, ಎಲ್ಲ ಮುಗಿದಿತ್ತು. ಮುಖ್ಯಸ್ಥ ಡೇವಿಡ್ ಸ್ಟರ್ನ್ ಆಗದು ಎಂದರು. ವಿಚಿತ್ರವೆಂದರೆ ಹಿಂದಿನ ವರ್ಷವಷ್ಟೇ ಆ ನ್ಯೂ ಆರ್ಲಿಯನ್ಸ್ ತಂಡವನ್ನು ಲೀಗೇ ಕೊಂಡುಕೊಂಡಿತ್ತು, ಅಂದರೆ ಮಿಕ್ಕ ತಂಡಗಳ ಮಾಲೀಕರೆಲ್ಲ ಸೇರಿ ಅದಕ್ಕೂ ಮಾಲೀಕರು. ಅವರಲ್ಲೊಬ್ಬರು ಈ ವ್ಯವಹಾರ ಬೇಡವೆಂದು ಪತ್ರವನ್ನೂ ಬರೆದಿದ್ದರು. ತಂಡದ ಒಡೆಯರ ಪರವಾಗಿ ನಾನು ಬೇಡ ಎಂದೆ, ಇದು ಆಟಕ್ಕೆ ಸಂಬಂಧಿಸಿದ ಕಾರಣ ಅಷ್ಟೆ ಎಂಬುದು ಸ್ಟರ್ನ್ ಸಮಜಾಯಿಷಿ. ಇರಬಹುದು. ಆದರೆ ಯಾವ ಟೋಪಿ ಹಾಕಿಕೊಂಡು ಮಾತಾಡುತ್ತಿದ್ದಾರೆಂದು ಕೇಳುವವನಿಗೆ ತಿಳಿಯುವುದು ಹೇಗೆ? ವಾರದೊಳಗೆ ಕ್ರಿಸ್ ಪಾಲ್ ಅದೇ ಊರಿನ ಕ್ಲಿಪ್ಪರ್ಸ್ ತಂಡಕ್ಕೆ ಹೋದ. ಆಗ ಲೇಕರ್ಸಿಗೂ ಕ್ಲಿಪ್ಪರ್ಸಿಗೂ ಒಂದೇ ಕ್ರೀಡಾಂಗಣ!

ನಮ್ಮದರಲ್ಲಿ ಏನಾಯಿತು? ಹುಡುಗ ಮನಸ್ಸಿಲ್ಲದ ಮನಸ್ಸಿನಿಂದ ಉಳಿದ ಪಂದ್ಯ ಆಡಿದ. ಬಟ್ಟೆ ಅಂಗಡಿಯವರು ಸೆಮಿಫೈನಲಿನಲ್ಲಿ ಸೋತರು, ಬ್ಯಾಟ್ಸ್‌ಮನ್‌ಗಳಿಲ್ಲದೆ. ಚಂದಾಪುರದವರು ಅವನಿಲ್ಲದೆಯೇ ಕಪ್ ಎತ್ತಿದರು. ವ್ಯಾನಿನ ಮಾಲೀಕ, ‘ನಿಮ್ಮೂರವರೇ ಬೇಡ ಅಂದ್ಮೇಲೆ ನನಗ್ಯಾಕಪ್ಪ’ ಎಂದು ಆ ಕೆಲಸಕ್ಕೆ ಬೇರೊಬ್ಬನನ್ನು ಹಾಕಿಕೊಂಡ. ಹಾಗೆ ಕೆಲಸ ತಪ್ಪುತ್ತದೆಂದು ನಮಗೆ ಮೊದಲೇ ಗೊತ್ತಿತ್ತೇ ಎಂದು ನಮ್ಮನ್ನು ನಾವೇ ಕೇಳಿಕೊಂಡಿದ್ದೇವೆ. ಗೊತ್ತಿತ್ತು. ಸಭೆಯಲ್ಲಿ ಒಬ್ಬರು ಎತ್ತಿಯೂ ಇದ್ದರು. ‘ಅದು ಅವನ ಪರ್ಸನಲ್ಲು, ನಾವು ಆಟ ಮಾತ್ರ ನೋಡಬೇಕು’ ಎಂದು ಕೂರಿಸಿದೆವು. ಕತೆ ಬರೆಯುವಾಗ ಮನುಷ್ಯನ ಒಳಗುದಿ ಹುಡುಕುವ ನಾವು ನಡಾವಳಿ ಬರೆಯುವಾಗ ‘ಸದರಿ ಆಟಗಾರ’ನೆಂದು ಕೈ ತೊಳೆದುಕೊಂಡೆವು.

ಕಳೆದ ನವೆಂಬರಿನಲ್ಲಿ, ಅಂದರೆ 2025ರಲ್ಲಿ, ಜಡೇಜ ಮತ್ತೆ ರಾಜಸ್ಥಾನ್ ರಾಯಲ್ಸ್ ಸೇರಿದ ಸುದ್ದಿ ಬಂತು. ಚೆನ್ನೈಯವರು ಅವನನ್ನು ಕೊಟ್ಟು ಸಂಜು ಸ್ಯಾಮ್ಸನ್‌ನನ್ನು ಪಡೆದರು. ಹದಿನೆಂಟು ಕೋಟಿಯಿದ್ದದ್ದು ಹದಿನಾಲ್ಕಕ್ಕೆ ಇಳಿಯಿತು. ಈಗ ಆಟಗಾರನ ಒಪ್ಪಿಗೆ ಇಲ್ಲದೆ ಟ್ರೇಡ್ ಮಾಡುವಂತಿಲ್ಲ, ತಂಡ ಬಿಡದಿದ್ದರೆ ಅವನು ಹೋಗುವಂತೆಯೂ ಇಲ್ಲ. ಯಾವ ತಂಡವನ್ನು ಬಿಟ್ಟು ಹೋಗಲು ನೋಡಿದನೆಂದು ಒಂದು ವರ್ಷ ಕಳೆದುಕೊಂಡನೋ ಅದೇ ತಂಡಕ್ಕೆ, ಮೂವತ್ತಾರರ ಅಂಚಿನಲ್ಲಿ ವಾಪಸು. ಆ ದಿನ ಪೇಪರು ಹಿಡಿದುಕೊಂಡು ಬೊಮ್ಮಸಂದ್ರದಲ್ಲಿ ಹೊಸ ಮೆಟ್ರೋ ಇಳಿದು ಆನೇಕಲ್ ಬಸ್ಸಿಗೆ ಕಾಯುತ್ತಿದ್ದಾಗ, ತರಕಾರಿ ಟೆಂಪೋ ಒಂದು ಪಕ್ಕಕ್ಕೆ ಬಂದು ನಿಂತಿತು. ‘ಹತ್ತಿ ಮಾಮು’ ಎಂದ. ಅವನೇ.

ಲಾಕ್‌ಡೌನಿನಲ್ಲಿ ಶೆಡ್ಡು ಮುಚ್ಚುವವರೆಗೂ ಕಲ್ಲು ಪಾಲಿಷ್ ಮಾಡಿದನಂತೆ. ಅಬ್ಬಾ ತೀರಿಹೋದರಂತೆ, ನಮಗೆ ಸುದ್ದಿ ಬಂದಿತ್ತು, ಮಣ್ಣಿಗೆ ಹೋಗಿರಲಿಲ್ಲ. ಟೆಂಪೋ ಹೊಸೂರಿನ ಸೇಟೊಬ್ಬನದು. ಬೌಲಿಂಗ್ ಉಂಟೋ ಎಂದು ಕೇಳಿದ್ದಕ್ಕೆ, ಭುಜ ಮೇಲೇಳಲ್ಲ ಎಂದು ಗೇರು ಹಾಕುವ ಕೈ ತೋರಿಸಿದ. ಸೂರ್ಯನಗರದ ಹತ್ತಿರ ಎಂಬತ್ತು ಸಾವಿರ ಜನ ಕೂರುವ ಸ್ಟೇಡಿಯಂ ಕಟ್ಟಲು ಸರ್ಕಾರ ಒಪ್ಪಿಗೆ ಕೊಟ್ಟಿರುವ ವಿಚಾರ ನಾವೇ ಎತ್ತಿದೆವು, ಮಾತು ಬೇರೆಡೆಗೆ ಹೋಗಲಿ ಎಂದು. ಅವನು ರಸ್ತೆ ನೋಡಿಕೊಂಡೇ ಹೇಳಿದ: ‘ನನ್ನ ಬದ್ಲು ಆ ವ್ಯಾನಿಗೆ ಹೋದನಲ್ಲ, ಅವನದೇ ಈಗ ಎರಡು ವ್ಯಾನ್ ಓಡ್ತಾವೆ ಮಾಮು.’ ದನಿಯಲ್ಲಿ ಸಿಟ್ಟಿರಲಿಲ್ಲ. ಬೀದಿಯ ತಿರುವಿನಲ್ಲಿ ಇಳಿಸಿ, ಎರಡು ಕಟ್ಟು ಸೊಪ್ಪು ಕೈಗಿಟ್ಟು ಹೋದ.

ಈ ಸಲದ ರೂಲ್ಸ್ ಬರೆದಿದ್ದೇವೆ. ವರ್ಗಾವಣೆಗೆ ಯಾವ ದಿನದೊಳಗೆ ಅರ್ಜಿ ಕೊಡಬೇಕೆಂದು ಮೊದಲೇ ಗೊತ್ತಾಗುವಂತೆ ಒಂದು ಸಾಲು. ಸ್ವಂತ ತಂಡವಿರುವವರು ಆ ಅರ್ಜಿಯ ಮೇಲೆ ಮತ ಹಾಕಬಾರದೆಂದು ಒಂದು ಸಾಲು. ತಿರಸ್ಕರಿಸುವ ಮುಂಚೆ ಆಟಗಾರನನ್ನು ಕರೆಸಿ ಅವನ ಮಾತು ಕೇಳಿ, ಕಾರಣವನ್ನು ಅವನಿಗೆ ಅರ್ಥವಾಗುವಂತೆ ಬರೆದುಕೊಡಬೇಕೆಂದು ಇನ್ನೊಂದು. ‘ಆಟದ ಹಿತದೃಷ್ಟಿಯಿಂದ’ ಎಂಬ ಪದವನ್ನು ಎಲ್ಲೂ ಬಳಸಿಲ್ಲ. ನಿನ್ನೆ ಇಬ್ಬರು ಮಾಲೀಕರು ಫೋನು ಮಾಡಿದ್ದರು. ಐವತ್ತು ಪ್ರತಿ ಕೊಂಡವರು ಅವರಲ್ಲೊಬ್ಬರು. ನಮ್ಮ ಹೊಸ ಸಂಕಲನ ಯಾವಾಗ ಎಂದು ವಿಚಾರಿಸಿ, ‘ಆ ಎರಡನೇ ಸಾಲು ಸ್ವಲ್ಪ ಸಡಿಲ ಮಾಡಿ ಸಾರ್’ ಎಂದರು. ಭಾನುವಾರ ಸಭೆ ಇದೆ. ನೋಟ್‌ಬುಕ್ಕಿನಲ್ಲಿ ಆ ಸಾಲು ಇನ್ನೂ ಪೆನ್ಸಿಲ್ಲಿನಲ್ಲೇ ಇದೆ.